ಒಂದು ಗೇಣು ಪೂರ್ವಕ್ಕೆ

ನಾನು ಮದುವೆಯಾಗಿ ಬಂದ ಊರಿನಲ್ಲಿ ಕೈಯಿಂದ ಜಾರಿದ ವಸ್ತು ನೇರ ಕೆಳಗೆ ಬೀಳುವುದಿಲ್ಲ. ಎದೆಮಟ್ಟದಿಂದ ಬಿಟ್ಟರೆ ಒಂದು ಗೇಣು ಪೂರ್ವಕ್ಕೆ ಸರಿದು ಬೀಳುತ್ತದೆ. ಇನ್ನೂ ಮೇಲಿನಿಂದ ಬಿಟ್ಟರೆ ಇನ್ನಷ್ಟು ಸರಿಯುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ, ಬೀಳುವುದು ಎಂದರೆ ಅವರ ಪಾಲಿಗೆ ಹಾಗೆಯೇ. ಹೊರಗಿನಿಂದ ಬಂದ ನನಗೆ ಮಾತ್ರ ಇದು ಗೊತ್ತಾಗಲು ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟು ಕಾಲವೂ ನನ್ನ ಕೈಯೇ ಸರಿಯಿಲ್ಲ ಎಂದು ನಂಬಿಕೊಂಡಿದ್ದೆ.

ಅಷ್ಟು ದಿನ ಗೊತ್ತಾಗದೆ ಹೇಗಿತ್ತು ಎಂದು ಈಗ ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯವರದು ಬಸ್ ನಿಲ್ದಾಣದ ಎದುರು ಹೋಟೆಲು, ಮಾವನವರ ಕಾಲದಿಂದ ಕಾಫಿಗೆ ಹೆಸರಾದದ್ದು. ಇವರು ತಲೆಯ ಮೇಲಿಂದ ಚೊಂಬು ಬಗ್ಗಿಸಿದರೆ ಕಾಫಿಯ ಧಾರೆ ಬಿಲ್ಲಿನಂತೆ ಬಾಗಿ, ಬದಿಯಲ್ಲಿ ಹಿಡಿದ ಲೋಟದೊಳಕ್ಕೆ ಹನಿಯೂ ಚೆಲ್ಲದೆ ಇಳಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಧಾರೆ ಬಾಗುವುದು ಇವರ ಕೈಚಳಕ ಎಂದೇ ತಿಳಿದಿದ್ದೆ. ಮಳೆ ಯಾವಾಗಲೂ ಓರೆಯಾಗಿ ಹೊಡೆಯುತ್ತಿತ್ತು, ಅದು ಗುಡ್ಡದ ಗಾಳಿ ಎಂದುಕೊಂಡೆ. ಮನೆಗಳಿಗೆಲ್ಲ ಪಶ್ಚಿಮದ ಸೂರು ಉದ್ದ. ಹುಣಸೆ ಬಡಿಯುವವರು ಮರದ ಪೂರ್ವಕ್ಕೆ ಚಾಪೆ ಹಾಸುತ್ತಾರೆ. ಮದುವೆಯಲ್ಲಿ ಅಕ್ಷತೆ ಹಾಕುವವರು ಮಂಟಪದ ಪಶ್ಚಿಮದಲ್ಲೇ ಗುಂಪುಗೂಡುತ್ತಾರೆ. ಅಡುಗೆಮನೆಯಲ್ಲೂ ಎಡ ಬಲ ಎನ್ನುವ ಮಾತಿಲ್ಲ, "ಪಾತ್ರೆ ಪೂರ್ವಕ್ಕಿಡು" ಎನ್ನುತ್ತಾರೆ. ಇವನ್ನೆಲ್ಲ ಆ ಊರಿನ ಪದ್ಧತಿ ಎಂದು ಕಲಿತೆ. ಸೊಸೆಯಾಗಿ ಬಂದವಳು ಪದ್ಧತಿಗೆ ಕಾರಣ ಕೇಳುತ್ತಾಳೆಯೇ?

ಬಂದ ವಾರದಲ್ಲೇ ಮನೆಯಲ್ಲಿ ನೆಂಟರಿಷ್ಟರ ಊಟವಿತ್ತು. ಪಾಯಸ ಬಡಿಸಲು ನನ್ನನ್ನು ನಿಲ್ಲಿಸಿದರು. ಮೊದಲನೆಯವರಿಗೆ ಸೌಟು ಬಗ್ಗಿಸಿದೆ. ಪಾಯಸ ಎಲೆಗೆ ಬೀಳದೆ ಎಡಕ್ಕೆ ಹೋಗಿ ಪಕ್ಕದವರ ಮೊಣಕಾಲಿನ ಮೇಲೆ ಬಿತ್ತು. ಎದುರು ಸಾಲಿಗೆ ಬಂದಾಗ ಹುಷಾರಾಗಿ ಸ್ವಲ್ಪ ಬಲಕ್ಕೆ ಹಿಡಿದೆ. ಈಗ ನಾನೇ ತಿರುಗಿ ನಿಂತಿದ್ದೆನಲ್ಲ, ಪಾಯಸ ಇನ್ನೂ ಬಲಕ್ಕೆ ಹಾರಿ ಇವರ ಸೋದರತ್ತೆಯ ಸೆರಗು ಸೇರಿತು. ಅತ್ತೆ ಓಂಕಾರಮ್ಮ ಎದ್ದು ಬಂದು ಸೌಟನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಬಿಡು ಮಂಗಳಾ, ನಿನ್ನ ಕೈ ನಿಲ್ಲಲ್ಲ" ಎಂದರು. ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ಮಾತು ಊರಲ್ಲೆಲ್ಲ ಹಬ್ಬಿ ನಾನು ಕೈ ನಿಲ್ಲದ ಮಂಗಳ ಆದೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ತರಕಾರಿ ಹೆಚ್ಚುವುದು, ಹಿಟ್ಟು ನಾದುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ನೀರು ಬಗ್ಗಿಸುವಾಗ ಚೊಂಬಿನ ಬಾಯನ್ನು ಲೋಟಕ್ಕೆ ತಾಗಿಸಿಯೇ ಬಗ್ಗಿಸುತ್ತಿದ್ದೆ. ಹಬ್ಬ ಹುಣ್ಣಿಮೆಗೆ ಯಾರ ಮನೆಗೆ ಹೋದರೂ ಬಡಿಸಲು ನನ್ನನ್ನು ಕರೆಯುತ್ತಿರಲಿಲ್ಲ. ತವರಿಗೆ ಹೋದಾಗ ಮಾತ್ರ ಕೈ ಸರಿಯಿರುತ್ತಿತ್ತು. "ಅಲ್ಲಿ ಹೆದರ್ತೀಯ ಕಣೇ, ಅದಕ್ಕೇ ನಡುಗುತ್ತೆ" ಎಂದು ಅಮ್ಮ ಹೇಳಿದಳು, ನನಗೂ ಹಾಗೇ ಅನ್ನಿಸಿತು. ಇವರು ಮೊದಲ ಸಲ ನಮ್ಮ ತವರಿಗೆ ಬಂದಾಗ ಕಾಫಿಯನ್ನೆಲ್ಲ ಪಂಚೆಯ ಮೇಲೆ ಸುರಿದುಕೊಂಡು, ಲೋಟದ ಬಾಯಿ ಸಣ್ಣದು ಎಂದರು. ಹೊಸ ಅಳಿಯನಿಗೆ ನಾಚಿಕೆ ಎಂದು ಎಲ್ಲರೂ ನಕ್ಕರು. ಆ ನಗುವಿನಲ್ಲಿ ನಾನೂ ಸೇರಿಕೊಂಡೆ.

ಹೀಗಿರುವಾಗ ಕೆರೆ ಏರಿಯ ಕೆಳಗಿನ ಪಾರ್ಕಿನಲ್ಲಿ ವಿಜ್ಞಾನದ ಉದ್ಯಾನ ಮಾಡುವುದೆಂದು ಪುರಸಭೆಯವರು ತೀರ್ಮಾನಿಸಿದರು. ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳ ಜೊತೆಗೆ ಫ್ಲೋರಿನ್ ಎಂಬ ಹೆಣ್ಣುಮಗಳು ಹೊರಗಿನಿಂದ ಬಂದಳು. ಮೂವತ್ತು ದಾಟಿರಲಿಕ್ಕಿಲ್ಲ. ಕಾಲಿಗೆ ಕ್ಯಾನ್ವಾಸ್ ಬೂಟು, ಜಡೆಗೆ ಸಿಕ್ಕಿಸಿಕೊಂಡ ಪೆನ್ಸಿಲ್ಲು. ಅವಳ ಉದ್ಯಾನದಲ್ಲಿ ಏನನ್ನೂ ಮುಟ್ಟಬೇಡಿ ಎನ್ನುವ ಬೋರ್ಡಿರಲಿಲ್ಲ. ಮುಟ್ಟದೆ ಸುಮ್ಮನೆ ನಿಂತವರನ್ನೇ ಅವಳು ಕೈಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದಳು. ಯಾರಿಗೂ ಪಾಠ ಹೇಳುತ್ತಿರಲಿಲ್ಲ. "ಏನಾಯ್ತು? ಇನ್ನೊಂದ್ಸಲ ಮಾಡಿ ನೋಡಿ" ಎನ್ನುವುದಷ್ಟೇ ಅವಳ ಪಾಠ.

ಹುಲ್ಲುಹಾಸಿನ ಎರಡು ತುದಿಗೆ ಬಾಣಲೆಯಂತೆ ಒಳಬಾಗಿದ ಆಳೆತ್ತರದ ಎರಡು ತಟ್ಟೆಗಳನ್ನು ನಿಲ್ಲಿಸಿದ್ದಳು. ಒಂದರ ಮುಂದೆ ಪಿಸುಗುಟ್ಟಿದರೆ ಅಷ್ಟು ದೂರದ ಇನ್ನೊಂದರ ಮುಂದೆ ಕೂತವರಿಗೆ ಕಿವಿಯಲ್ಲೇ ಹೇಳಿದಂತೆ ಕೇಳುತ್ತಿತ್ತು. ಮಾತು ಬಿಟ್ಟು ವರ್ಷಗಳಾಗಿದ್ದ ಇಬ್ಬರು ಓರಗಿತ್ತಿಯರು ಒಬ್ಬೊಬ್ಬರು ಒಂದೊಂದರ ಮುಂದೆ ಬೆನ್ನಿಗೆ ಬೆನ್ನು ಹಾಕಿ ಕೂತು ಒಂದು ಮಧ್ಯಾಹ್ನವಿಡೀ ಬೈದಾಡಿಕೊಂಡು, ಕೊನೆಗೆ ಒಟ್ಟಿಗೇ ಮನೆಗೆ ಹೋದರು. ರಾಟೆಗಳಿಗೆ ಕಟ್ಟಿದ ಕುರ್ಚಿಯಲ್ಲಿ ಕೂತು ಹಗ್ಗ ಜಗ್ಗಿದರೆ ನಮ್ಮನ್ನು ನಾವೇ ಮೇಲೆತ್ತಿಕೊಳ್ಳಬಹುದಿತ್ತು. ನಿವೃತ್ತರಾಗಿದ್ದ ಒಬ್ಬ ದಫೇದಾರರು ಹಾಗೆ ಮೇಲೇರಿ, ಊಟದ ಹೊತ್ತಾದರೂ ಇಳಿಯಲು ಒಪ್ಪಲಿಲ್ಲ. ಬೇಲಿಯಾಚೆ ನೋಡುವ ಕನ್ನಡಿ ಕೊಳವೆಯಲ್ಲಿ ಹೂವಿನವರು ಬಸ್ಸು ಬಂತೇ ಎಂದು ನೋಡಿಕೊಳ್ಳುತ್ತಿದ್ದರು. ಪೆಡಲು ತುಳಿದು ಬಲ್ಬು ಹೊತ್ತಿಸುವುದರಲ್ಲಿ ಗರಡಿಯ ಹುಡುಗರಿಗೂ ಅವರ ಅಜ್ಜಂದಿರಿಗೂ ಪಂದ್ಯ ನಡೆಯುತ್ತಿತ್ತು.

ಒಂದು ಮಾತ್ರ ಅವಳ ಮಾತು ಕೇಳಲಿಲ್ಲ. ಅದು ಗುಂಡಿನ ಗೋಪುರ. ಎರಡು ಮಾಳಿಗೆಯೆತ್ತರದ ಕಬ್ಬಿಣದ ಚೌಕಟ್ಟು, ತುದಿಯಲ್ಲೊಂದು ಪುಟ್ಟ ಬಾಗಿಲು, ಬಾಗಿಲ ಮೇಲೆ ಕಬ್ಬಿಣದ್ದೊಂದು ಮರದ್ದೊಂದು ಗುಂಡು. ಕೆಳಗಿನಿಂದ ಹಗ್ಗ ಎಳೆದರೆ ಬಾಗಿಲು ಕಳಚಿ ಎರಡೂ ಗುಂಡು ಒಟ್ಟಿಗೆ ಹೊರಟು, ಮರಳು ತುಂಬಿದ ತೊಟ್ಟಿಯ ನಡುವಿನ ಬಿಳಿಯ ಚಕ್ರದೊಳಗೆ ಬೀಳಬೇಕು. ಬೀಳುತ್ತಿರಲಿಲ್ಲ. ಚಕ್ರದಿಂದ ಒಂದು ಮೊಳ ಆಚೆಗೇ ಬೀಳುತ್ತಿದ್ದವು.

ಅವಳಿಗೆ ಮಧ್ಯಾಹ್ನದ ಕಾಫಿ ನಮ್ಮ ಹೋಟೆಲಿನಿಂದಲೇ ಹೋಗುತ್ತಿತ್ತು. ಒಂದು ದಿನ ಕೊಂಡೊಯ್ಯುವವರಿಲ್ಲದೆ ಇವರು ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟರು. ನಾನು ಹೋದಾಗ ಉದ್ಯಾನ ಖಾಲಿಯಿತ್ತು. ಫ್ಲೋರಿನ್ ಮೇಡಂ ಗೋಪುರದ ಕೆಳಗೆ ತಲೆಗೆ ಕೈಕೊಟ್ಟು ಕೂತಿದ್ದಳು. "ಕಾಫಿ ತಂದಿದ್ದೀನಿ ಮೇಡಂ, ನೀವೇ ಬಗ್ಗಿಸ್ಕೊಳ್ಳಿ" ಎಂದು ಫ್ಲಾಸ್ಕನ್ನು ಕಟ್ಟೆಯ ಮೇಲಿಟ್ಟೆ. ಅವಳು ಬಗ್ಗಿಸಿಕೊಂಡಳು. ಅರ್ಧ ಕಾಫಿ ಕಟ್ಟೆಯ ಪಾಲಾಯಿತು.

"ಈ ಊರಿಗೆ ಬಂದಾಗಿನಿಂದ ನನಗೇನಾಗಿದೆಯೋ ಅಕ್ಕ, ಮುಟ್ಟಿದ್ದೆಲ್ಲ ಚೆಲ್ಲುತ್ತೆ" ಎಂದಳು. "ಈ ಗೋಪುರಾನೂ ಎಷ್ಟು ಸಲ ಬಿಚ್ಚಿ ಕಟ್ಟಿಸಿದೆ. ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟರೆ ಚಕ್ರದ ನಡುವಿಗೇ ಬರುತ್ತೆ. ಬಿಟ್ಟ ಗುಂಡು ಮಾತ್ರ ಬರಲ್ಲ."

"ಬೇಜಾರು ಮಾಡ್ಕೋಬೇಡಿ ಮೇಡಂ. ನನ್ನ ಕೈಯೂ ಹಾಗೇ, ಮದುವೆಯಾಗಿ ಬಂದಾಗಿನಿಂದ."

"ಹಾಗೇ ಅಂದ್ರೆ?"

"ಏನು ಬಗ್ಗಿಸಿದ್ರೂ ಪಕ್ಕಕ್ಕೆ ಹೋಗುತ್ತೆ."

"ಯಾವ ಪಕ್ಕಕ್ಕೆ?"

ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. "ಒಂದೊಂದ್ಸಲ ಎಡಕ್ಕೆ, ಒಂದೊಂದ್ಸಲ ಬಲಕ್ಕೆ" ಎಂದೆ.

ಅವಳು ಕಾಫಿಯನ್ನು ಹಾಗೇ ಬಿಟ್ಟು ಎದ್ದಳು. ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ನನಗೆ ಕೊಟ್ಟು, ಕೆರೆ ಏರಿಯ ಕಡೆ ಮುಖ ಮಾಡಿ ನಿಲ್ಲಿಸಿ, ಹಣ್ಣನ್ನು ಸುಮ್ಮನೆ ಬಿಡಿ ಎಂದಳು. ಬಿಟ್ಟೆ. ಬಲಕ್ಕೆ ಬಿತ್ತು. ಏರಿಗೆ ಬೆನ್ನು ಮಾಡಿಸಿ ಬಿಡಿಸಿದಳು. ಎಡಕ್ಕೆ ಬಿತ್ತು. ಇನ್ನೊಂದು ದಿಕ್ಕಿಗೆ ತಿರುಗಿಸಿದಳು, ಮುಂದಕ್ಕೆ ಬಿತ್ತು. ಮತ್ತೊಂದಕ್ಕೆ ತಿರುಗಿಸಿದಾಗ ನನ್ನ ಹಿಂದೆಯೇ ಹೋಗಿ ಬಿತ್ತು. "ಯಾವ ಕಡೆಗೆ ಹೋಯ್ತು ಅಂತ ಈಗ ಹೇಳಿ" ಎಂದಳು. ನಾನು ಸುತ್ತ ನೋಡಿದೆ. ಪ್ರತಿ ಸಲವೂ ಹಣ್ಣು ಹೋದದ್ದು ನೀರಿನ ಟ್ಯಾಂಕಿನ ಕಡೆಗೆ. ಟ್ಯಾಂಕು ಇದ್ದದ್ದು ಪೂರ್ವಕ್ಕೆ.

ಆಗಲೂ ನನ್ನ ಬುದ್ಧಿ ಹಳೆಯ ದಾರಿ ಬಿಡಲಿಲ್ಲ. "ನನ್ನ ಕೈ ಟ್ಯಾಂಕಿನ ಕಡೆ ಎಳೆಯುತ್ತೇನೋ ಮೇಡಂ" ಎಂದೆ. ಅವಳು ನಗಲಿಲ್ಲ. ಗೋಪುರದ ಹಗ್ಗವನ್ನು ತಂದು ನನ್ನ ಕೈಗೆ ಕೊಟ್ಟಳು. "ಗುಂಡು ಅಷ್ಟು ಮೇಲಿದೆ. ನೀವು ಅದನ್ನ ಮುಟ್ಟೋದೇ ಇಲ್ಲ. ಎಳೀರಿ." ಎಳೆದೆ. ಎರಡೂ ಗುಂಡು ಬಂದು ಚಕ್ರದಾಚೆ, ಟ್ಯಾಂಕಿನ ಕಡೆಗೆ, ಧೊಪ್ಪೆಂದು ಮರಳಿನಲ್ಲಿ ಹೂತವು. "ಮೇಲೆ ಯಾರ ಕೈಯಿದೆ ಅಕ್ಕ?" ಎಂದು ಕೇಳಿದಳು.

"ಯಾರ ಕೈಯೂ ಇಲ್ಲ" ಎಂದೆ. ಹಾಗೆಂದ ಮೇಲೆ ನನ್ನ ಕಿವಿಗೇ ಅದು ಬೇರೆಯಾಗಿ ಕೇಳಿಸಿತು. ಇನ್ನೊಂದು ಸಲ ಹೇಳಿದೆ. ಆಮೇಲೆ ಆ ಹುಡುಗಿ ಗುಂಡುಗಳನ್ನು ಮತ್ತೆ ಮತ್ತೆ ಮೇಲೇರಿಸಿಕೊಟ್ಟಳು, ನಾನು ಅಂಗೈ ಕೆಂಪಾಗುವವರೆಗೂ ಹಗ್ಗ ಎಳೆದೆ. ಆ ಪಾಯಸ, ಸೋದರತ್ತೆಯ ಸೆರಗು, ಅರ್ಧದಲ್ಲೇ ನನ್ನ ಕೈಯಿಂದ ಕಸಿದುಕೊಂಡ ಎಷ್ಟೋ ಚೊಂಬುಗಳು, ಯಾರೂ ಕರೆಯದೆ ಗೋಡೆಗೊರಗಿ ಕೂತ ಎಷ್ಟೋ ಹಬ್ಬಗಳು ಒಂದೊಂದಾಗಿ ನೆನಪಾದವು. ಒಂದರಲ್ಲೂ ನನ್ನ ತಪ್ಪಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಇವರು ಒರಳುಕಲ್ಲಿನ ಪಕ್ಕ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ನಾನು ಪೀಠಿಕೆ ಹಾಕಲಿಲ್ಲ. "ಅತ್ತೆ, ಈ ಊರಲ್ಲಿ ಬೀಳೋದೆಲ್ಲ ಪೂರ್ವಕ್ಕೆ ಬೀಳುತ್ತೆ, ಗೊತ್ತಾ ನಿಮಗೆ?" ಎಂದೆ.

ಅವರು ಮೊರದಿಂದ ತಲೆಯೆತ್ತದೆ, "ಇನ್ನೆಲ್ಲಿಗೆ ಬೀಳಬೇಕಿತ್ತು?" ಎಂದರು.

"ನೇರ ಕೆಳಗೆ. ನಮ್ಮ ತವರಲ್ಲಿ ನೇರ ಕೆಳಗೆ ಬೀಳುತ್ತೆ. ಎಲ್ಲಾ ಕಡೆಯೂ ಹಾಗೇ ಅಂತೆ."

"ನಿಮ್ಮ ತವರಿನ ಸುದ್ದಿ ಬಿಡು" ಎಂದು ಅವರು ಮತ್ತೊಂದು ಕಲ್ಲು ಆರಿಸಿ ಎಸೆದರು. ಇವರ ಮುಖ ಮಾತ್ರ ಅರಳಿತು. "ಅದಕ್ಕೇ ಏನೇ ಅವತ್ತು ನಿಮ್ಮ ಮನೇಲಿ ನನ್ನ ಪಂಚೆ ಎಲ್ಲ ಕಾಫಿಯಾಗಿದ್ದು" ಎಂದು ಜೋರಾಗಿ ನಕ್ಕರು. ನನ್ನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. "ನಾನು ಒಂದೇ ಸಲ ಚೆಲ್ಲಿದ್ದಕ್ಕೆ ಲೋಟದ ಮೇಲೆ ಹಾಕಿದೆ. ನೀನು ಯಾರ ಮೇಲೂ ಹಾಕಲಿಲ್ಲ" ಎಂದರು. ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ನಾನು ಒಬ್ಬೊಬ್ಬರನ್ನೇ ಗೋಪುರಕ್ಕೆ ಕರೆದುಕೊಂಡು ಹೋಗತೊಡಗಿದೆ. ನನ್ನ ಹಾಗೆ ಮದುವೆಯಾಗಿ ಬಂದವರು, ವರ್ಗವಾಗಿ ಬಂದ ಅಂಚೆಯವರು, ಆಸ್ಪತ್ರೆಯ ನರ್ಸಮ್ಮ. ನರ್ಸಮ್ಮ ಹಗ್ಗ ಎಳೆದು ಗುಂಡು ಬಿದ್ದ ಜಾಗವನ್ನು ಬಹಳ ಹೊತ್ತು ನೋಡಿದಳು. "ನನಗೆ ನರದ ಕಾಯಿಲೆ ಶುರುವಾಗಿದೆ ಅಂದ್ಕೊಂಡಿದ್ದೆ ಅಕ್ಕ. ಮನೇಲಿ ಯಾರಿಗೂ ಹೇಳಿರಲಿಲ್ಲ" ಎಂದು ಅಲ್ಲೇ ಕಣ್ಣೊರೆಸಿಕೊಂಡಳು.

ಉದ್ಘಾಟನೆಗೆ ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಅದಕ್ಕೆ ಕೆಲವು ದಿನ ಮುಂಚೆ ಪುರಸಭೆ ಅಧ್ಯಕ್ಷರಾದ ರುದ್ರಮುನಿಯಪ್ಪನವರು ಗಾರೆಯವರನ್ನು ಕರೆದುಕೊಂಡು ಗೋಪುರದ ಹತ್ತಿರ ಬಂದರು. "ಮೇಡಂ, ತೊಟ್ಟೀನ ಒಂದು ಮೊಳ ಪೂರ್ವಕ್ಕೆ ಸರಿಸಿಬಿಡೋಣ. ಗುಂಡು ಚಕ್ರದೊಳಗೆ ಬೀಳುತ್ತೆ, ಮುಗೀತು" ಎಂದರು. ಹಾಗೆ ಸರಿಸಿದರೆ ಗೋಪುರ ಇದ್ದೂ ಇಲ್ಲದ ಹಾಗೆ ಎಂದು ಫ್ಲೋರಿನ್ ಮೇಡಂ ಹೇಳಿದಳು. ಅಧ್ಯಕ್ಷರು ಕೆಟ್ಟವರಲ್ಲ, ಆದರೆ ಅವರ ದನಿ ಬಿಗಿಯಾಯಿತು. "ಬಂದವರು ಊರೇ ಸೊಟ್ಟ ಅಂತ ನಗ್ತಾರೆ. ನಮ್ಮ ತಾತ ಮುತ್ತಾತಂದಿರು ಬಾಳಿ ಬದುಕಿದ ಊರು ಇದು. ನಾನು ಅಧ್ಯಕ್ಷನಾಗಿರುವಾಗ ಅದು ಆಗಬಾರದು. ಸರಿಸಿ, ಇಲ್ಲ ಗೋಪುರ ಇಳಿಸಿ." ಗಾರೆಯವರು ಹಾರೆ ಎತ್ತಿದರು.

ನಾನು ಜನರ ನಡುವೆ ನಿಂತಿದ್ದವಳು ಮುಂದೆ ಬಂದು ತೊಟ್ಟಿಯ ಅಂಚಿನ ಮೇಲೆ ಕೂತೆ. ಊರಿನವರೆದುರು ನಾನು ದನಿಯೆತ್ತಿ ಮಾತಾಡಿದ್ದು ಅದೇ ಮೊದಲು. ದನಿ ನಡುಗಲಿಲ್ಲ.

"ಅಧ್ಯಕ್ಷರೇ, ಸರಿಸಿದರೆ ಗುಂಡು ಚಕ್ರದೊಳಗೆ ಬೀಳುತ್ತೆ, ನಿಜ. ನೋಡಿದವರು ಎಲ್ಲಾ ಸರಿಯಾಗಿದೆ ಅಂದ್ಕೊಂಡು ಹೋಗ್ತಾರೆ. ನಾಳೆ ಹೊಸದಾಗಿ ಬಂದ ಸೊಸೆಯ ಕೈಯಿಂದ ಸಾರು ಚೆಲ್ಲುತ್ತೆ. ಅವಳು ಯಾರನ್ನ ಬೈಕೋತಾಳೆ? ತನ್ನ ಕೈಯನ್ನೇ. ನಾನು ಹಾಗೆ ಬೈಕೊಂಡೇ ಇಷ್ಟು ವರ್ಷ ಕಳೆದೆ. ಊರು ಸೊಟ್ಟ ಅಂತ ನಾನು ಹೇಳ್ತಾ ಇಲ್ಲ. ನಾನೂ ಸೊಟ್ಟ ಅಲ್ಲ ಅಂತ ಹೇಳ್ತಾ ಇದ್ದೀನಿ. ಈ ಚಕ್ರ ಇದ್ದಲ್ಲೇ ಇರಲಿ. ಪಕ್ಕದಲ್ಲಿ ನಮ್ಮೂರಿನ ಚಕ್ರ ಇನ್ನೊಂದು ಬರೆಸಿ."

ನರ್ಸಮ್ಮ ಬಂದು ನನ್ನ ಪಕ್ಕ ಕೂತಳು. ಅಂಚೆಯವರು ಬಂದು ಕೂತರು. ಹೆಂಗಸರು ಸಾಲಾಗಿ ಬಂದರು, ತೊಟ್ಟಿಯ ಸುತ್ತ ಜಾಗವೇ ಉಳಿಯಲಿಲ್ಲ. ಹಾರೆ ಹಿಡಿದವರು ಅಧ್ಯಕ್ಷರ ಮುಖ ನೋಡಿದರು. ರುದ್ರಮುನಿಯಪ್ಪನವರು "ದೂರ ಸರೀರಿ ತಾಯಿ, ತಲೆ ಮೇಲೆ ಬಿದ್ದೀತು" ಎಂದು ತಾವೇ ಹಗ್ಗ ಎಳೆದರು. ಬಿದ್ದ ಗುಂಡುಗಳನ್ನು ಬಗ್ಗಿ ನೋಡಿದರು. ಮೇಲೇರಿಸಿ ಇನ್ನೊಮ್ಮೆ ಎಳೆದರು. "ಅಲ್ಲಾ ಮೇಡಂ, ಒಂದು ಕಬ್ಬಿಣ, ಒಂದು ಮರ. ಎರಡೂ ಒಟ್ಟಿಗೇ ಬಿತ್ತಲ್ಲ" ಎಂದರು.

ಫ್ಲೋರಿನ್ ಮೇಡಂ ಎರಡೂ ಕೈ ಮೇಲೆತ್ತಿ ನಕ್ಕುಬಿಟ್ಟಳು. ಗೋಪುರ ಕಟ್ಟಿದ್ದೇ ಅದನ್ನು ತೋರಿಸಲು. ನಾವೆಲ್ಲ ಎಲ್ಲಿ ಬಿತ್ತು ಎಂದು ನೋಡುವ ಗಡಿಬಿಡಿಯಲ್ಲಿ ಹೇಗೆ ಬಿತ್ತು ಎಂದು ನೋಡಿರಲೇ ಇಲ್ಲ. ಅಧ್ಯಕ್ಷರಿಗೆ ಅದು ಹಿಡಿಸಿತು. ಇನ್ನೂ ಐದಾರು ಸಲ ಎಳೆದು, ಕೈ ಕೊಡವಿಕೊಂಡು, "ಎರಡು ಚಕ್ರ ಬರೆಸಿ. ನಮ್ಮದಕ್ಕೆ ಕೆಂಪು ಬಣ್ಣ ಹಾಕಿ, ಎದ್ದು ಕಾಣಲಿ" ಎಂದು ಗಾರೆಯವರಿಗೆ ಹೇಳಿ ಹೊರಟರು.

ಬಂದ ಅತಿಥಿಗಳು ನಗಲಿಲ್ಲ. ಹಗ್ಗಕ್ಕಾಗಿ ಮಕ್ಕಳ ಹಾಗೆ ಸಾಲು ನಿಂತರು. ಅಂದಿನಿಂದ ಸಂಜೆ ಗೋಪುರದ ಹತ್ತಿರ ನಿಲ್ಲುವ ಕೆಲಸ ನನ್ನದಾಯಿತು. ಬಂದವರಿಗೆ ನಾನೂ ಏನನ್ನೂ ಹೇಳುವುದಿಲ್ಲ. ಯಾವ ಕಡೆಗೆ ಹೋಯ್ತು ಎಂದು ಕೇಳುತ್ತೇನೆ, ಅಷ್ಟೇ. ಹೋಟೆಲಿನಲ್ಲಿ ಇವರು ಚೊಂಬನ್ನು ತಂದು ನನ್ನ ಕೈಗಿತ್ತರು. ದಿಕ್ಕು ಗೊತ್ತಾದ ಮೇಲೆ ಕಲಿಯುವುದಕ್ಕೆ ಏನಿತ್ತು? ವಾರ ಕಳೆಯುವುದರೊಳಗೆ ಧಾರೆ ನನ್ನ ಮಾತು ಕೇಳಿತು. ಅತ್ತೆ ಗಲ್ಲಾದ ಹಿಂದೆ ಕೂತು ನೋಡುತ್ತಿದ್ದರು. ಚೆನ್ನಾಗಿದೆ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಊರಿಗೂರೇ ಉದ್ಯಾನಕ್ಕೆ ಹೋಗಿ ಬಂದರೂ ಅವರು ಅತ್ತ ತಲೆ ಹಾಕಲಿಲ್ಲ.

ಈ ಸರಿಯುವುದು ಎಲ್ಲಿಯವರೆಗೆ ಎನ್ನುವ ಪ್ರಶ್ನೆ ಆಮೇಲೆ ಎದ್ದಿತು. ಫ್ಲೋರಿನ್ ಮೇಡಂ ಜೊತೆಗೆ ನಾವು ಹತ್ತಿಪ್ಪತ್ತು ಜನ, ಮುದುಕರು ಮಕ್ಕಳು ಎಲ್ಲ ಸೇರಿ, ಒಂದೊಂದು ರಸ್ತೆ ಹಿಡಿದು ನಿಂಬೆಹಣ್ಣು ಬೀಳಿಸುತ್ತಾ ನಡೆದೆವು. ಇಟ್ಟಿಗೆ ಗೂಡು ದಾಟಿ ಮೋರಿಯ ಹತ್ತಿರ ಬರುತ್ತಿದ್ದಂತೆ ಹಣ್ಣು ನೇರ ಬಿತ್ತು. ಒಂದು ಹೆಜ್ಜೆ ಹಿಂದೆ ಬಂದರೆ ಮತ್ತೆ ಒಂದು ಗೇಣು. ಅಲ್ಲಿ ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದು ಬಂದೆವು.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆಯುಟ್ಟು ಬಂದು, "ಆ ಗೆರೆ ಎಲ್ಲಿದೆ ತೋರಿಸು ನಡಿ" ಎಂದರು. ಅವರು ಹುಟ್ಟಿದ್ದು ಅದೇ ಊರಿನ ಇನ್ನೊಂದು ಬೀದಿಯಲ್ಲಿ. ನಮ್ಮ ಮದುವೆಯೂ ಇವರ ಊರಿನಲ್ಲೇ ಆಗಿತ್ತು. ಎಪ್ಪತ್ತು ದಾಟಿದ ಅವರು ಊರ ಗಡಿ ದಾಟಿದವರೇ ಅಲ್ಲ. ಹೊರಗಿನ ನೀರು ಒಗ್ಗುವುದಿಲ್ಲ ಎಂದು ಒಂದು ತಂಬಿಗೆ ನೀರನ್ನೂ ಲೋಟವನ್ನೂ ಚೀಲದಲ್ಲಿಟ್ಟುಕೊಂಡರು. ಆಟೋ ಹಿಡಿದು ಹೋದೆವು.

ಗೆರೆಯ ಈಚೆ ನಿಂತು ಹಣ್ಣು ಬಿಟ್ಟರು. ಅದು ಎಂದಿನಂತೆ ಬಿತ್ತು. ನನ್ನ ಭುಜ ಹಿಡಿದು, ಹೊಸ್ತಿಲು ದಾಟುವಂತೆ ಕಾಲೆತ್ತಿ ಗೆರೆ ದಾಟಿದರು. ಮತ್ತೆ ಬಿಟ್ಟರು. ಹಣ್ಣು ನೇರ ಅವರ ಕಾಲ್ಬೆರಳ ಮೇಲೆಯೇ ಬಿತ್ತು. ಬೆಚ್ಚಿ ಹಿಂದೆ ಸರಿದರು. "ಇದೇನೇ ಇದು, ಕಾಲ ಮೇಲೇ ಬಿತ್ತು" ಎಂದರು. ಹಣ್ಣನ್ನು ಎತ್ತಿಕೊಟ್ಟೆ. ಇನ್ನೊಮ್ಮೆ ಬಿಟ್ಟರು, ಮತ್ತೊಮ್ಮೆ ಬಿಟ್ಟರು. ಪ್ರತಿ ಸಲವೂ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಪೂರ್ವಕ್ಕೇ, ಅಲ್ಲಿ ಹಣ್ಣು ಕಾಣದೆ ಆಮೇಲೆ ಕಾಲಿನ ಹತ್ತಿರ ಬರುತ್ತಿತ್ತು.

ಬಿಸಿಲೇರಿತು. ಮೋರಿಯ ಕಟ್ಟೆಯ ಮೇಲೆ ಕೂತೆವು. ಅತ್ತೆ ತಂಬಿಗೆ ತೆಗೆದು, ಎಂದಿನ ಗತ್ತಿನಲ್ಲಿ ಮೇಲೆತ್ತಿ, ಲೋಟವನ್ನು ಬದಿಗೆ ಹಿಡಿದು ಬಗ್ಗಿಸಿದರು. ನೀರು ನೇರ ಬಂದು ಅವರ ನೆರಿಗೆಯ ಮೇಲೆ ಸುರಿಯಿತು. ಲೋಟವನ್ನು ಇನ್ನೂ ಪೂರ್ವಕ್ಕೆ ಹಿಡಿದು ಬಗ್ಗಿಸಿದರು. ಮತ್ತೆ ನೆರಿಗೆಯ ಮೇಲೇ. ಒಳ್ಳೆಯ ಸೀರೆ ಪೂರಾ ತೊಯ್ದುಹೋಯಿತು. ಆಟೋದವನು ಮುಖ ಆಚೆ ತಿರುಗಿಸಿದ.

ಅವರು ತಂಬಿಗೆಯನ್ನು ಕೆಳಗಿಟ್ಟು ಬಲಗೈಯನ್ನು ಅಂಗೈ ಮೇಲೆ ಮಾಡಿ ನೋಡಿದರು, ತಿರುಗಿಸಿ ನೋಡಿದರು. "ನನ್ನ ಕೈಗೇನಾಯ್ತೇ ಮಂಗಳಾ" ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಏನೂ ಆಗಿಲ್ಲ ಅತ್ತೆ. ನಿಮ್ಮ ಕೈ ಸರಿಯಾಗೇ ಇದೆ" ಎಂದೆ. ಯಾರಾದರೂ ನನಗೆ ಹೇಳಲಿ ಎಂದು ನಾನು ಕಾದಿದ್ದ ಮಾತು ಅದು. ಹೇಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ಅವರು ಒದ್ದೆ ನೆರಿಗೆಯನ್ನು ಹಿಂಡಿಕೊಂಡರು. ಆಮೇಲೆ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. "ತಗೋ, ನೀನೇ ಬಗ್ಗಿಸಿಕೊಡು."

ನಾನು ಎದ್ದು ನಿಂತು ತಲೆಯ ಮೇಲಿಂದ ಬಗ್ಗಿಸಿದೆ. ನೀರಿನ ಎಳೆ ನೆಟ್ಟಗೆ ಇಳಿದು ಲೋಟ ತುಂಬಿತು. ಅತ್ತೆ ಲೋಟವನ್ನು ನೋಡಲಿಲ್ಲ, ಆ ಎಳೆಯನ್ನೇ ನೋಡುತ್ತಿದ್ದರು. ಒಂದೇ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡು, ಖಾಲಿ ಲೋಟವನ್ನು ಮತ್ತೆ ನನ್ನತ್ತ ಚಾಚಿದರು.

"ಇನ್ನೊಂದು ಲೋಟ ಹಾಕು" ಎಂದರು. "ಈ ಸಲ ನಿಧಾನಕ್ಕೆ."